ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ: ಮನೇಲಿ ಕೂತು ಓದಿ ಮಿಡ್‌ವೈಫ್ ಆಗೋಕಾಗುತ್ತಾ?

ನೈಟ್‌ಡ್ಯೂಟಿ
ಎಲ್ರಿಗೂ ನಮಸ್ಕಾರ. ಓಹಾಯೋದ ಒಂದು ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಿ ನರ್ಸ್ ನಾನು. ಊರಲ್ಲಿ ಬಿ.ಎಸ್ಸಿ. ನರ್ಸಿಂಗ್, ಆಮೇಲೆ ಎನ್‌ಕ್ಲೆಕ್ಸ್ ಅನ್ನೋ ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ, ಇಲ್ಲಿಗೆ ಬಂದು ಆರು ವರ್ಷ. ನೋವು ಶುರುವಾದಾಗಿಂದ ಹನ್ನೆರಡು ಗಂಟೆ ತಾಯಿ ಪಕ್ಕ ನಿಂತಿರೋಳು ನಾನು, ಕೊನೇ ಹತ್ತು ನಿಮಿಷಕ್ಕೆ ಗ್ಲೌಸ್ ಹಾಕ್ಕೊಂಡು ಬರೋರು ಬೇರೆಯವರು. ಸಾಕಾಗಿದೆ. ನಾನೇ ಹೆರಿಗೆ ಮಾಡಿಸೋ ಮಿಡ್‌ವೈಫ್ ಆಗೋಣ ಅಂತಿದೀನಿ.

ಜೊತೇಲಿ ಕೆಲಸ ಮಾಡೋ ಒಬ್ಬರು ಕೆಂಟಕಿಯ ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ ಹೆಸರು ಹೇಳಿದ್ರು. ನೋಡಿದ್ರೆ ವಿಚಿತ್ರ ಅನ್ನಿಸ್ತು. ಹೆಸರಿಗೆ ಯೂನಿವರ್ಸಿಟಿ, ನರ್ಸಿಂಗ್ ಬಿಟ್ರೆ ಇನ್ನೊಂದು ವಿಷಯ ಇಲ್ಲ. ಅದರಲ್ಲೂ ಬಿ.ಎಸ್ಸಿ. ಇಲ್ಲ, ಆಗಲೇ ಆರ್‌ಎನ್ (ಲೈಸೆನ್ಸ್ ಇರೋ ನರ್ಸ್) ಆದವರಿಗೆ ಮಾತ್ರ. ಪಾಠವೆಲ್ಲ ಆನ್‌ಲೈನ್, ಕ್ಯಾಂಪಸ್ಸಿಗೆ ಒಂದೆರಡು ಸಲ ಹೋಗಿ ಬರಬೇಕಂತೆ ಅಷ್ಟೆ. ನಮ್ಮೆಜಮಾನ್ರು ಕೇಳಿದ ಕೂಡ್ಲೇ "ಹೆರಿಗೆ ಮಾಡ್ಸೋದನ್ನ ಲ್ಯಾಪ್‌ಟಾಪಲ್ಲಿ ಕಲೀತೀಯಾ?" ಅಂತ ನಕ್ಕುಬಿಟ್ರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳ್ಲಿ. ಯಾರಿಗಾದ್ರೂ ಇದರ ಹಿಂದುಮುಂದು ಗೊತ್ತಾ?

ಟೆಕ್ಸಸ್ ಗೌಡ
ದೂರ ಇರಿ. 2023ರ ಜನವರಿ ಮರೆತ್ರಾ? ಫ್ಲೋರಿಡಾದ ಮೂರು ನರ್ಸಿಂಗ್ ಸ್ಕೂಲುಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟ ಆಗಿತ್ತು. ಎಫ್‌ಬಿಐನೋರು "ಆಪರೇಷನ್ ನೈಟಿಂಗೇಲ್" ಅಂತ ಹೆಸರಿಟ್ಟು ಹಿಡಿದಿದ್ದು. ಸಣ್ಣ ಪ್ರೈವೇಟು, ಬರೀ ನರ್ಸಿಂಗು, ಆನ್‌ಲೈನು. ಮೂರೂ ಒಟ್ಟಿಗೆ ಕೇಳಿದ್ರೆ ನಾನು ಜೇಬು ಮುಟ್ಟಿ ನೋಡ್ಕೋತೀನಿ.

ಹಳೇ ಕಡತ
ಗೌಡ್ರೇ, ಅನುಮಾನ ಒಳ್ಳೇದೇ, ಈ ಸಲ ಮಾತ್ರ ತಪ್ಪು ಮನೆ ಬಾಗಿಲು ತಟ್ಟಿದೀರಿ. ಇದರ ತಾಯಿ ಸಂಸ್ಥೆ ಶುರುವಾದ 1925ರಲ್ಲಿ ಎಫ್‌ಬಿಐಗೆ ಇನ್ನೂ ಆ ಹೆಸರೇ ಬಂದಿರಲಿಲ್ಲ.

ಕಥೆ ಸ್ವಲ್ಪ ಉದ್ದ. ಮೇರಿ ಬ್ರೆಕಿನ್‌ರಿಜ್ ಅಂತ ಒಬ್ಬಾಕೆ, ಹುಟ್ಟಿದ್ದು 1881ರಲ್ಲಿ. ದೊಡ್ಡ ಮನೆತನ, ತಾತ ಅಮೆರಿಕದ ಉಪಾಧ್ಯಕ್ಷ ಆಗಿದ್ದವರು. ಅಂಥ ಮನೆ ಹೆಣ್ಣುಮಗಳು ನ್ಯೂಯಾರ್ಕಿನಲ್ಲಿ ನರ್ಸಿಂಗ್ ಓದಿ 1910ರಲ್ಲಿ ಮುಗಿಸಿದ್ರು. 1916ರಲ್ಲಿ ಹುಟ್ಟಿದ ಮಗಳು ಕೆಲವೇ ಗಂಟೆ ಬದುಕಿತ್ತು. 1918ರಲ್ಲಿ ನಾಲ್ಕು ವರ್ಷದ ಮಗನೂ ಹೋದ. ಮದುವೆಯೂ ಉಳೀಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಪರಿಹಾರ ಕೆಲಸಕ್ಕೆ ಅಂತ ಫ್ರಾನ್ಸಿಗೆ ಹೋದ್ರು. ನರ್ಸೂ ಹೌದು, ಸೂಲಗಿತ್ತಿಯೂ ಹೌದು ಅನ್ನೋ ಥರದ ಬ್ರಿಟಿಷ್ ಹೆಂಗಸರನ್ನ ಅವರು ನೋಡಿದ್ದು ಅಲ್ಲಿ. ಅಮೆರಿಕದಲ್ಲಿ ಆಗ ಈ ಎರಡೂ ಬೇರೆ ಬೇರೆ ಲೋಕ: ನರ್ಸುಗಳು ಆಸ್ಪತ್ರೇಲಿ, ಹಳ್ಳಿ ಹೆರಿಗೆ ಅಜ್ಜಿಯರ ಕೈಲಿ. ಸರಿ, ಲಂಡನ್ನಿಗೆ ಹೋಗಿ ಮಿಡ್‌ವೈಫ್ ತರಬೇತಿ ತಗೊಂಡ್ರು. ದೂರದ ದ್ವೀಪಗಳಿಗೆ ವೈದ್ಯಸೇವೆ ಹೇಗೆ ಮುಟ್ಟಿಸ್ತಾರೆ ಅಂತ ನೋಡೋಕೆ ಸ್ಕಾಟ್ಲೆಂಡಿಗೂ ಹೋಗಿ ಬಂದ್ರು.

1925ರಲ್ಲಿ ಕೆಂಟಕಿಯ ಲೆಸ್ಲೀ ಕೌಂಟಿಯಲ್ಲಿ ಕೆಲಸ ಶುರು. ಅಪಲೇಷಿಯನ್ ಬೆಟ್ಟಗಾಡು. ರಸ್ತೆ ಇಲ್ಲ, ಹಳ್ಳದ ಪಾತ್ರವೇ ದಾರಿ. ನರ್ಸುಗಳು ಕುದುರೆ ಮೇಲೆ ಹೋಗ್ತಿದ್ರು. ಜೀನಿನ ಎರಡೂ ಕಡೆ ಚರ್ಮದ ಚೀಲ. ಹೆರಿಗೆಗೆ ಒಂದು ಜೊತೆ, ಉಳಿದ ಕಾಯಿಲೆಗೆ ಇನ್ನೊಂದು ಜೊತೆ. ಗಂಡ ಅನ್ನೋನು ನರ್ಸಿನ ಮನೆ ತನಕ ಬರೋಕೆ ಆದ್ರೆ ನರ್ಸು ಆ ಹೆಂಗಸಿನ ತನಕ ಹೋಗಲೇಬೇಕು ಅನ್ನೋದು ಅಲ್ಲಿನ ಕಟ್ಟಳೆ. ಮಳೆ, ಹಿಮ, ನೆರೆ ಯಾವ ನೆಪವೂ ಇಲ್ಲ. ಬಸಿರಿಂದ ಬಾಣಂತನದ ತನಕ ಎಲ್ಲ ಸೇರಿ 5 ಡಾಲರ್. ಇಲ್ಲದವರು ಕಾಳು ಕೊಡಬಹುದು, ಕೆಲಸ ಮಾಡಿ ತೀರಿಸಬಹುದು.

1928ರಲ್ಲಿ ಇದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಅಂತ ಹೆಸರಾಯ್ತು. ಅದೇ ವರ್ಷ ಹೈಡನ್ ಊರಲ್ಲಿ ಒಂದು ಸಣ್ಣ ಆಸ್ಪತ್ರೆ. ಶಾಲೆ ಬಂದಿದ್ದು ಬೇಕಂತಲ್ಲ, ಬೇರೆ ದಾರಿ ಇಲ್ಲದೆ. 1939ರಲ್ಲಿ ಯುದ್ಧ ಶುರುವಾದಾಗ ಇಲ್ಲಿದ್ದ ಎಷ್ಟೋ ಬ್ರಿಟಿಷ್ ನರ್ಸುಗಳು ತಮ್ಮ ದೇಶಕ್ಕೆ ಹೊರಟರು. ಇನ್ನು ಹೊರಗಿಂದ ತರಿಸೋದು ಆಗಲ್ಲ, ಇಲ್ಲೇ ತಯಾರು ಮಾಡಬೇಕು ಅಂತ ಅದೇ ನವೆಂಬರಿನಲ್ಲಿ ಮಿಡ್‌ವೈಫರಿ ಶಾಲೆ ತೆರೆದ್ರು. ಅಮೆರಿಕದ ಮೊಟ್ಟಮೊದಲ ನರ್ಸ್-ಮಿಡ್‌ವೈಫ್ ಶಾಲೆ. ಅದೇ ಬೆಳೆದು 2011ರಲ್ಲಿ ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ ಅಂತ ಹೆಸರು ಬದಲಾಯಿಸಿಕೊಂಡಿತು.

ನರ್ಸಿಂಗ್ ಅಕ್ಕೋರು
ಕಡತದಣ್ಣಾ, ಎಲ್ಲಾ ಛಲೋ ಬರದೀರಿ, ಕಡೀಗೊಂದು ತಪ್ಪು ಮಾಡೀರಿ ನೋಡ್ರಿ. ಮೊಟ್ಟಮೊದಲನೇದು ಅಲ್ರಿ ಅದು. ನ್ಯೂಯಾರ್ಕಿನಾಗ ಲೋಬೆನ್‌ಸ್ಟೈನ್ ಹೆಸರಿನ ಮಿಡ್‌ವೈಫರಿ ಸ್ಕೂಲು 1930ರ ದಶಕದ ಶುರುವಿನಾಗನ ಬಂದಿತ್ತು. ಫ್ರಾಂಟಿಯರ್‌ದು ಹೆಚ್ಚುಗಾರಿಕಿ ಏನಪಾ ಅಂದ್ರ, ಶುರುವಾದದ್ದು ಇವತ್ತಿನ ತನಕ ನಿಂತಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಮಿಡ್‌ವೈಫರಿ ಪಾಠ ಮಾಡೀನಿ, ಇಂಥಾದ್ದು ಕಂಡ್ರ ಕೈ ಸುಮ್ಮನಿರಂಗಿಲ್ಲ.

ಖರೇನ ಮೊದಲನೇದು ಬೇಕಂದ್ರ 1970ರದ್ದು ಹೇಳ್ರಿ. ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ತಗೊಂಡು ರೋಗ ನೋಡಿ ಔಷಧ ಕೊಡೂ ನರ್ಸ್) ಅನ್ನೂ ಕಲ್ಪನಾ ಹುಟ್ಟಿದ್ದು 1965ರಾಗ ಕೊಲೊರಾಡೊದಾಗ, ಲೊರೆಟಾ ಫೋರ್ಡ್ ಮತ್ತ ಹೆನ್ರಿ ಸಿಲ್ವರ್ ಸೇರಿ ಮಾಡಿದ್ದು, ಮಕ್ಕಳ ಆರೈಕಿಗೆ. ಅದನ್ನ ಇಡೀ ಮನಿ ಮಂದಿಗೆ ಹೊಂದಿಸಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಅಂತ ದೇಶದಾಗ ಮೊದಲ ಸರ್ಟಿಫಿಕೇಟ್ ಕೋರ್ಸ್ ನಡಿಸಿದ್ದು ಹೈಡನ್ನಿನ ಈ ಶಾಲಿ. ಅಲ್ಲಿ ನರ್ಸುಗಳು ಹೆರಿಗಿ ಮಾಡ್ಸಾಕ ಹೋದ ಮನ್ಯಾಗ ಮುದುಕನ ಕೆಮ್ಮು, ಹುಡುಗನ ಜಂತುಹುಳ ಎಲ್ಲಾ ನೋಡ್ಕೊಂಡನ ಬರ್ತಿದ್ರು. ಕೆಲಸ ಮೊದಲಿಂದ ಇತ್ತು, ಹೆಸರು ಆಮ್ಯಾಲ ಬಂತು.

ಹಳೇ ಕಡತ
ಅಕ್ಕೋರೇ, ತಪ್ಪು ನಂದೇ. ಬೆಂಚಿನ ಮೇಲೆ ನಿಂತ್ಕೊಂಡೆ.

ಸಂಖ್ಯಾಶಾಸ್ತ್ರಿ
ಕುದುರೆ ಕಥೆ ಚೆನ್ನಾಗಿದೆ. ಜನ ಬದುಕಿದ್ರಾ ಅನ್ನೋದಕ್ಕೆ ಲೆಕ್ಕ ಇದೆಯಾ? ಇಂಥ ಸಂಸ್ಥೆಗಳ ಚರಿತ್ರೆಯನ್ನ ಸಾಮಾನ್ಯವಾಗಿ ಚಂದಾ ಎತ್ತೋರೇ ಬರೆದಿರ್ತಾರೆ.

ಹಳೇ ಕಡತ
ಇದೆ. ಅದನ್ನ ಮಾಡಿದ್ದು ಚಂದಾ ಎತ್ತೋರಲ್ಲ, ಮೆಟ್ರೊಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿಯ ಲೂಯಿ ಡಬ್ಲಿನ್. ಸಾವಿನ ಲೆಕ್ಕದಲ್ಲಿ ತಪ್ಪಿದ್ರೆ ದುಡ್ಡು ಕಳ್ಕೊಳ್ಳೋ ಪೈಕಿ ಅವರು. ಮೊದಲ ಸಾವಿರ ಹೆರಿಗೆಯ ದಾಖಲೆ ನೋಡಿ 1932ರಲ್ಲಿ ವರದಿ ಕೊಟ್ರು: ಬಸಿರು, ಹೆರಿಗೆಯ ನೇರ ಕಾರಣದಿಂದ ಒಬ್ಬ ತಾಯಿಯೂ ಸತ್ತಿಲ್ಲ. ಇಂಥ ಸೇವೆ ಇಡೀ ದೇಶಕ್ಕೆ ಸಿಕ್ಕಿದ್ರೆ ವರ್ಷಕ್ಕೆ 10,000 ತಾಯಂದಿರು ಉಳೀತಾರೆ ಅಂತಲೂ ಬರೆದ್ರು.

ಸಂಖ್ಯಾಶಾಸ್ತ್ರಿ
"ನೇರ ಕಾರಣ" ಅನ್ನೋ ಮಾತಿನ ಹಿಂದೆ ಏನು ಅಡಗಿದೆ? ಹೃದಯದ ಕಾಯಿಲೆ, ಕಿಡ್ನಿ ಕಾಯಿಲೆಯಿಂದ ಹೋದ ಎರಡು ಸಾವನ್ನ ಆ ವರದಿ ಬೇರೆ ಇಟ್ಟಿದೆ. ಅದನ್ನೂ ಹೇಳಿ ಮತ್ತೆ.

ಎರಡು ಕೈ
ಆ ಎರಡನ್ನೂ ಸೇರಿಸಿಕೊಳ್ಳಿ ಸ್ವಾಮಿ. ಆಗ ಇಡೀ ಅಮೆರಿಕದಲ್ಲಿ ಸಾವಿರ ಹೆರಿಗೆಗೆ ಆರೇಳು ತಾಯಂದಿರು ಸಾಯ್ತಿದ್ರು. ಆರೇಳರ ಜಾಗದಲ್ಲಿ ಎರಡು. ಅದೂ ದೇಶದ ಕಡುಬಡ ಕೌಂಟಿಯೊಂದರಲ್ಲಿ, ಡಾಕ್ಟರು ಕೈಗೆಟುಕದ ಕಡೆ.

ಸಂಖ್ಯಾಶಾಸ್ತ್ರಿ
ಹೂಂ. ಸಾವಿರ ಅನ್ನೋದು ಸಣ್ಣ ಸಂಖ್ಯೆ, ಆದ್ರೂ ಒಪ್ಪಿದೆ.

ಮಲ್ನಾಡ್ ಮಂಜ
ಎಲ್ಲಾ ಸರಿ, ಕುದುರೆಯಿಂದ ಬಿದ್ರೆ ನರ್ಸಿಗೆ ಯಾರು ನರ್ಸು?

ಹಳೇ ಕಡತ
ತಮಾಷೆ ಅಲ್ಲ ಮಂಜಣ್ಣ, 1931ರಲ್ಲಿ ಮೇರಿ ಬ್ರೆಕಿನ್‌ರಿಜ್ ಅವರೇ ಬಿದ್ದು ಬೆನ್ನುಮೂಳೆ ಮುರ್ಕೊಂಡ್ರು. ಆಮೇಲೂ 1965ರಲ್ಲಿ ಸಾಯೋ ತನಕ ಅವರದ್ದೇ ಯಜಮಾನಿಕೆ.

ಎರಡು ಕೈ
ನೈಟ್‌ಡ್ಯೂಟಿ ಅವರೇ, ನಿಮ್ಮ ಪ್ರಶ್ನೆಗೆ ಬರ್ತೀನಿ, ಇಲ್ಲಾಂದ್ರೆ ಇವರು ಕುದುರೆ ಲಾಯದಲ್ಲೇ ರಾತ್ರಿ ಕಳೀತಾರೆ. ನಾನೊಬ್ಬ ಸಿಎನ್‌ಎಂ, ಅಂದ್ರೆ ಸರ್ಟಿಫೈಡ್ ನರ್ಸ್-ಮಿಡ್‌ವೈಫ್, ಕೆಲಸ ಶುರು ಮಾಡಿ ಎಂಟು ವರ್ಷ. ಓದಿದ್ದು ಫ್ರಾಂಟಿಯರ್‌ನಲ್ಲಿ ಅಲ್ಲ, ಇದೇ ಮಾದರಿ ಇರೋ ಬೇರೊಂದು ಕಡೆ. ಹೆಸರು ಬೇಡ.

"ಲ್ಯಾಪ್‌ಟಾಪಲ್ಲಿ ಹೆರಿಗೆ" ಅಂತ ಯಾರೂ ಕಲಿಯಲ್ಲ. ಥಿಯರಿ ಮಾತ್ರ ಮನೇಲಿ. ಫಾರ್ಮಕಾಲಜಿ, ಪೆಥೊಫಿಸಿಯಾಲಜಿ, ಬಸುರಿ ತಪಾಸಣೆ, ಪ್ರಬಂಧ ಬರೆಯೋದು, ಪರೀಕ್ಷೆ. ಆಮೇಲೆ ಕ್ಯಾಂಪಸ್ಸಿಗೆ ಕರೆಸಿ ಕೈಯಿಂದ ಮಾಡಿಸಿ ನೋಡ್ತಾರೆ: ಹೊಲಿಗೆ, ಮಗುವಿನ ಭುಜ ಸಿಕ್ಕಿಕೊಂಡ್ರೆ ಏನು ಮಾಡಬೇಕು, ರಕ್ತಸ್ರಾವ ನಿಲ್ಲದಿದ್ರೆ ಮೊದಲು ಕೈ ಎಲ್ಲಿಗೆ ಹೋಗಬೇಕು. ಅದು ದಾಟಿದ ಮೇಲೆ ನೀವಿರೋ ಊರಿನ ಹತ್ತಿರವೇ ಒಬ್ಬ ಪ್ರಿಸೆಪ್ಟರ್ (ಕೆಲಸ ಕಲಿಸೋ ಅನುಭವಸ್ಥರು) ಕೈ ಕೆಳಗೆ ತಿಂಗಳುಗಟ್ಟಲೆ ನಿಜವಾದ ಹೆರಿಗೆ. ಕೊನೆಗೆ ಎಎಂಸಿಬಿ ಅನ್ನೋ ಮಿಡ್‌ವೈಫ್ ಪ್ರಮಾಣಪತ್ರ ಮಂಡಳಿಯ ರಾಷ್ಟ್ರಮಟ್ಟದ ಪರೀಕ್ಷೆ. ದೊಡ್ಡ ಯೂನಿವರ್ಸಿಟಿಯವರೂ ಅದನ್ನೇ ಬರೀಬೇಕು, ಸಣ್ಣದರವರೂ ಅದನ್ನೇ.

ನನ್ನ ಮೊದಲ ಹೆರಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾರ್ಡಲ್ಲಿ ನೂರಾರು ನೋಡಿದ್ದೆ, ಆದ್ರೂ ಮಗುವಿನ ತಲೆ ಕಾಣಿಸಿದ ಕೂಡ್ಲೇ ಕೈ ನಡುಗಿ ಎಳೆಯೋಕೆ ಹೋಯ್ತು. ಪ್ರಿಸೆಪ್ಟರ್ ನನ್ನ ಕೈ ಮೇಲೆ ಅವರ ಕೈ ಇಟ್ಟು, ಒತ್ತಲೂ ಇಲ್ಲ, ಸರಿಸಲೂ ಇಲ್ಲ, ಹಾಗೇ ಇಟ್ಟುಕೊಂಡ್ರು. ಎರಡು ಕಾಂಟ್ರಾಕ್ಷನ್ ಹಾಗೇ ಕಳೀತು. ಮೂರನೇದಕ್ಕೆ ತಲೆ ತಾನೇ ಹೊರಗೆ ಬಂತು, ಅಂಗೈ ತುಂಬ ಬೆಚ್ಚಗೆ, ಒದ್ದೆ ಒದ್ದೆಯಾಗಿ. ಸುಮ್ಮನಿರೋದು ಎಷ್ಟು ಕಷ್ಟದ ಕೆಲಸ ಅಂತ ಅವತ್ತು ಗೊತ್ತಾಯ್ತು.

ಕೆಟ್ಟದ್ದೂ ಹೇಳ್ತೀನಿ. ಆ ಪ್ರಿಸೆಪ್ಟರ್ ಸಿಗೋದಕ್ಕೆ ಮೊದಲು ಮೂವತ್ತೊಂದು ಕಡೆ ಫೋನ್ ಮಾಡಿದ್ದೆ. ನೋಟ್‌ಬುಕ್ಕಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದೆ. "ಈ ವರ್ಷ ಜಾಗ ಇಲ್ಲ", "ನಮ್ಮ ಆಸ್ಪತ್ರೆ ಒಪ್ಪಲ್ಲ", "ನಮ್ಮೂರಿನ ಯೂನಿವರ್ಸಿಟಿ ಮಕ್ಕಳಿಗೆ ಮಾತ್ರ". ಶಾಲೆಯವರು ಪಟ್ಟಿ ಕೊಡ್ತಾರೆ, ಕಾಗದಪತ್ರ ನೋಡ್ಕೋತಾರೆ, ಆದ್ರೆ ಅಲೆಯೋರು ನಾವು. ದೂರಶಿಕ್ಷಣದ ಅಸಲಿ ಕಷ್ಟ ಇದು. ಅಡ್ಮಿಷನ್ ಸಿಗೋಕೆ ಮುಂಚೆ ಹುಡುಕೋಕೆ ಶುರು ಮಾಡಿ.

ನೈಟ್‌ಡ್ಯೂಟಿ
ಮೂವತ್ತೊಂದಾ! ನಮ್ಮೆಜಮಾನ್ರಿಗೆ ಇದನ್ನ ಓದಿ ಹೇಳಿದೆ, ನಗು ನಿಂತಿದೆ.

ನರ್ಸಿಂಗ್ ಅಕ್ಕೋರು
ಈ ದೂರಶಿಕ್ಷಣ ಕೊರೊನಾ ಕಾಲದಾಗ ಹುಟ್ಟಿದ್ದಲ್ಲ, ತಂಗಿ. 1989ರಾಗ ಪ್ರಯೋಗ ಅಂತ ಶುರುವಾಗಿದ್ದು, ಆಗ ಇಂಟರ್ನೆಟ್ ಎಲ್ಲಿತ್ತು? ಕಿಟ್ಟಿ ಅರ್ನ್‌ಸ್ಟ್ ಅಂತ ಒಬ್ರು, ಹಿಂದ ಫ್ರಾಂಟಿಯರ್‌ದಾಗನ ಕಲಿತವ್ರು, ಅದರ ಬೆನ್ನ ಹತ್ತಿದ್ರು. ಅವರ ತರ್ಕ ಸರಳ ಇತ್ರಿ. ಹಳ್ಳಿ ನರ್ಸನ್ನ ಎರಡು ವರ್ಷ ಶಹರಕ್ಕ ಕರಸಿದ್ರ ಆಕಿ ಮನಿ, ಮಕ್ಕಳು ಬಿಟ್ಟು ಬರೂದಿಲ್ಲ. ಬಂದ್ರ ತಿರುಗಿ ಹಳ್ಳಿಗೆ ಹೋಗೂದಿಲ್ಲ. ಅದಕ್ಕ ಪಾಠನ ಆಕಿ ಮನಿಗೆ ಕಳಸ್ರಿ. ಮೊದಲ ನರ್ಸ್ ಕುದುರಿ ಹತ್ತಿ ಬಸುರಿ ಮನಿಗೆ ಹೋದ್ಲು, ಈಗ ಶಾಲಿ ಪೋಸ್ಟಿನಾಗ ನರ್ಸಿನ ಮನಿಗೆ ಹೋತು. ಆಗ ಮಾಸ್ಟರ್ಸ್ ಬೇಕಂದವ್ರಿಗೆ ಓಹಾಯೋದ ಕೇಸ್ ವೆಸ್ಟರ್ನ್ ರಿಸರ್ವ್ ಯೂನಿವರ್ಸಿಟಿ ಕೂಡ ಹೊಂದಾಣಿಕಿ ಇತ್ತು, ನಿಮ್ಮ ರಾಜ್ಯದ್ದನ. 2004ರಾಗ ಸ್ಯಾಕ್ಸ್ (ದಕ್ಷಿಣದ ರಾಜ್ಯಗಳ ಕಾಲೇಜುಗಳನ್ನ ಪರೀಕ್ಷಿಸೂ ಸಂಸ್ಥಾ) ಮಾನ್ಯತಾ ಸಿಕ್ಕ ಮ್ಯಾಲ ಪದವಿ ತಾವ ಕೊಡಾಕ ಹತ್ತಿದ್ರು.

ಟೆಕ್ಸಸ್ ಗೌಡ
ಹೋಗ್ಲಿ ಒಪ್ಕೋತೀನಿ, ನಕಲಿ ಅಲ್ಲ. ಆದ್ರೂ ಅಸಲಿ ಅಂತ ಗುರುತಿಸೋದು ಹೇಗೆ ಅಂತ ಯಾರಾದ್ರೂ ಹೇಳಿ. ಎಲ್ಲರಿಗೂ ಹಳೇ ಕಡತದಂಥ ತಲೆ ಇರಲ್ಲ.

ಎರಡು ಕೈ
ಎರಡು ಮಾನ್ಯತೆ ನೋಡಿ. ಒಂದು ಇಡೀ ಸಂಸ್ಥೆಯದ್ದು, ಕೆಂಟಕಿ ಕಡೆಯಾದ್ರೆ ಸ್ಯಾಕ್ಸ್. ಇನ್ನೊಂದು ಕೋರ್ಸಿನದ್ದು, ಮಿಡ್‌ವೈಫರಿಗಾದ್ರೆ ಎಸಿಎಂಇ. ಎರಡನೇದು ಇಲ್ಲಾಂದ್ರೆ ಎಎಂಸಿಬಿ ಪರೀಕ್ಷೆಗೆ ಕೂರೋಕೇ ಬಿಡಲ್ಲ, ಪದವಿ ಗೋಡೆಗೆ ನೇತು ಹಾಕೋಕೆ ಅಷ್ಟೆ. ಮಾನ್ಯತೆ ಇದೆಯಾ ಅಂತ ಕಾಲೇಜಿನ ವೆಬ್‌ಸೈಟಲ್ಲಿ ನೋಡಬೇಡಿ, ಮಾನ್ಯತೆ ಕೊಡೋರ ಪಟ್ಟಿಯಲ್ಲಿ ನೋಡಿ. ಆಮೇಲೆ ನೀವಿರೋ ರಾಜ್ಯದಿಂದ ವಿದ್ಯಾರ್ಥಿಗಳನ್ನ ತಗೊಳ್ಳೋಕೆ ಅವರಿಗೆ ಅನುಮತಿ ಇದೆಯಾ ಅಂತಲೂ ಕೇಳಿ. ಫ್ರಾಂಟಿಯರ್ ಲಾಭಕ್ಕೆ ನಡೆಸೋ ಕಂಪನಿಯಲ್ಲ, ಪ್ರೈವೇಟ್ ನಾನ್‌ಪ್ರಾಫಿಟ್.

ಕೋರ್ಸುಗಳ ವಿಷಯಕ್ಕೆ ಬಂದ್ರೆ, ಮಾಸ್ಟರ್ಸ್‌ನಲ್ಲಿ ನಾಲ್ಕು ದಾರಿ: ನರ್ಸ್-ಮಿಡ್‌ವೈಫ್, ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್, ಹೆಣ್ಣುಮಕ್ಕಳ ಆರೋಗ್ಯದ ನರ್ಸ್ ಪ್ರಾಕ್ಟೀಷನರ್, ಮಾನಸಿಕ ಆರೋಗ್ಯದ್ದು. ಆಗಲೇ ಮಾಸ್ಟರ್ಸ್ ಇದ್ದವರಿಗೆ ಸರ್ಟಿಫಿಕೇಟ್. ಮೇಲೆ ಡಿಎನ್‌ಪಿ ಅನ್ನೋ ಡಾಕ್ಟರೇಟ್, ಕೆಲಸ ಮಾಡೋ ನರ್ಸುಗಳಿಗಾಗಿ ಇರೋದು. ಮಿಡ್‌ವೈಫ್ ಆಗೋಕೆ ಡಿಎನ್‌ಪಿ ಬೇಕಿಲ್ಲ, ಮಾಸ್ಟರ್ಸ್ ಸಾಕು. ಯಾರಾದ್ರೂ ಹೆದರಿಸಿದ್ರೆ ಹೆದರಬೇಡಿ.

ಬೆಳಗಾವಿ ಬಿಎಸ್ಸಿ
ಸರ್/ಮೇಡಂ, ನಾನು ನಾಲ್ಕನೇ ವರ್ಷ ನರ್ಸಿಂಗ್. ಇಲ್ಲಿಂದಲೇ ಆನ್‌ಲೈನಲ್ಲಿ ಸೇರಿ ಸ್ಟೂಡೆಂಟ್ ವೀಸಾ ಮೇಲೆ ಅಮೆರಿಕಕ್ಕೆ ಬರಬಹುದಾ?

ಎರಡು ಕೈ
ಇಲ್ಲಪ್ಪ. ಎಫ್-1 ವೀಸಾದಲ್ಲಿ ಒಂದು ಸೆಮಿಸ್ಟರಿಗೆ ಒಂದೇ ಒಂದು ಆನ್‌ಲೈನ್ ಕ್ಲಾಸನ್ನ ಲೆಕ್ಕಕ್ಕೆ ತಗೋತಾರೆ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಆ ವೀಸಾ ಸಿಗಲ್ಲ. ಮೇಲಾಗಿ ಅಮೆರಿಕದ ಆರ್‌ಎನ್ ಲೈಸೆನ್ಸ್ ಮೊದಲು ಬೇಕು. "ಸಿಗುತ್ತೆ" ಅಂತ ಯಾವ ಏಜೆಂಟಾದ್ರೂ ಹೇಳಿದ್ರೆ ಗೌಡ್ರ ಹಾಗೆ ಜೇಬು ಮುಟ್ಟಿ ನೋಡ್ಕೊ.

ಮಲ್ನಾಡ್ ಮಂಜ
ಆ ಕ್ಯಾಂಪಸ್ ಇರೋ ಊರು ವರ್ಸಾಯ್ ಅಂತೆ, ಹೌದಾ? ಅರಮನೆ ಇದೆಯಾ?

ಹಳೇ ಕಡತ
ಬರೆಯೋದು ಫ್ರಾನ್ಸಿನದ್ದರ ಹಾಗೇ, ಕೆಂಟಕಿಯವರು ಕರೆಯೋದು "ವರ್ಸೇಲ್ಸ್". ಅಲ್ಲಿ ಹೋಗಿ ವರ್ಸಾಯ್ ಅಂದ್ರೆ ಹೊರಗಿನವರು ಅಂತ ಗೊತ್ತಾಗಿಬಿಡುತ್ತೆ. ಅರಮನೆ ಇಲ್ಲ. ಹಿಂದೆ ಮೆಥೊಡಿಸ್ಟರು ಮಕ್ಕಳಿಗಾಗಿ ನಡೆಸ್ತಿದ್ದ ಆಶ್ರಮದ ಜಾಗ ಅದು. ಹೈಡನ್ ಬೆಟ್ಟದಿಂದ ಇಳಿದು ಈಗ ಅಲ್ಲಿಗೆ ಬಂದಿದ್ದಾರೆ.

ಕರಿಮಣಿ
ಎಲ್ರೂ ಮೇರಿ ಬ್ರೆಕಿನ್‌ರಿಜ್‌ಗೆ ಆರತಿ ಎತ್ತಿದ್ದು ಸಾಕು ಅನ್ಸುತ್ತೆ. ಆಕೆಯ ವರ್ಣಭೇದದ ಬುದ್ಧಿ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕಪ್ಪು ನರ್ಸುಗಳನ್ನ ಸೇರಿಸಿಕೊಳ್ಳಲಿಲ್ಲ ಆಕೆ. ಜೀವನಚರಿತ್ರೆ ಬರೆದವರು ಇದನ್ನ ದಾಖಲಿಸಿದಾರೆ. ದಕ್ಷಿಣದ ರಾಜ್ಯಗಳಲ್ಲಿ ತಲೆಮಾರುಗಟ್ಟಲೆ ಹೆರಿಗೆ ಮಾಡಿಸಿದ ಕಪ್ಪು ಅಜ್ಜಿಯರನ್ನ "ಅಜ್ಞಾನಿಗಳು" ಅಂತ ಬದಿಗೆ ಸರಿಸಿದ್ದೂ ಇದೇ ಕಾಲದಲ್ಲಿ. ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ನರ್ಸುಗಳಿಗೆ ಅಂತ 1941ರಲ್ಲಿ ಮಿಡ್‌ವೈಫರಿ ಶಾಲೆ ಶುರುವಾಯ್ತು, 1946ಕ್ಕೆ ಮುಚ್ಚಿತು. ಐದೇ ವರ್ಷ. ಒಂದು ಶಾಲೆ ಉಳಿದು ಯೂನಿವರ್ಸಿಟಿ ಆಯ್ತು, ಇನ್ನೊಂದರ ಹೆಸರು ಈ ಚರ್ಚೇಲಿ ಇಲ್ಲೀತನಕ ಬರಲೇ ಇಲ್ಲ. ಚಂದಾ ಕೊಡೋ ಸಿರಿವಂತ ಗೆಳತಿಯರು ಯಾರಿಗಿದ್ರು, ಯಾರಿಗಿರಲಿಲ್ಲ ಅಂತ ನೋಡಿ.

ಟೆಕ್ಸಸ್ ಗೌಡ
ನೂರು ವರ್ಷದ ಹಿಂದಿನವರನ್ನ ಇವತ್ತಿನ ತಕ್ಕಡೀಲಿ ತೂಗೋದು ಸರಿಯಾ?

ಕರಿಮಣಿ
ಆವತ್ತೇ ತೂಗಿದವರಿದ್ರು ಗೌಡ್ರೇ. ತೂಗಿಸಿಕೊಂಡವರೂ ಇದ್ರು.

ಹಳೇ ಕಡತ
ಕರಿಮಣಿ ಹೇಳಿದ್ದು ಸರಿ, ನಾನು ಬಿಟ್ಟಿದ್ದು ತಪ್ಪು. ಟಸ್ಕೀಗಿ ವಿಷಯ ಗೊತ್ತಿದ್ದೂ ಬರೀಲಿಲ್ಲ. ಕುದುರೆ ಹಿಂದೆ ಓಡಿಬಿಟ್ಟೆ.

ಮಲ್ನಾಡ್ ಮಂಜ
ಅಜ್ಜಿಯರು ಅಂದಾಗ ನೆನಪಾಯ್ತು. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ, 2018ರಲ್ಲಿ ಪದ್ಮಶ್ರೀ ಬಂತಲ್ಲ. ಸಾವಿರಾರು ಹೆರಿಗೆ ಮಾಡಿಸಿದಾಕೆ, ಒಂದು ರೂಪಾಯಿ ಮುಟ್ಟದೆ. ಯಾವ ಯೂನಿವರ್ಸಿಟಿ ಸ್ವಾಮಿ? ನಮ್ಮಪ್ಪ ಹುಟ್ಟಿದ್ದೂ ಸೂಲಗಿತ್ತಿ ಕೈಲೇ, ಗಟ್ಟಿಮುಟ್ಟಾಗಿದಾರೆ.

ನರ್ಸಿಂಗ್ ಅಕ್ಕೋರು
ಮಂಜಪ್ಪಾ, ನರಸಮ್ಮನ ಕೈಗೆ ನಾನೂ ಕೈ ಮುಗಿತೀನಿ. ಆದ್ರ ಬದುಕಿದವ್ರು ಬಂದು ಹೇಳ್ತಾರ, ಸತ್ತವ್ರು ಹೇಳಾಕ ಬರೂದಿಲ್ಲ. ನಮ್ಮವ್ವನ ಬೆನ್ನಿಗೆ ಹುಟ್ಟಿದ ಚಿಗವ್ವ ಚೊಚ್ಚಲ ಬಾಣಂತ್ಯಾಗ ಹೋದಾಕಿ. ಮಾಸ ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ, ಎತ್ತಿನ ಗಾಡಿ ಕಟ್ಟೂದ್ರಾಗ ಮುಗದಿತ್ತು. ಆ ಸೂಲಗಿತ್ತಿ ಕೈಗುಣ ಭಾಳ ಛಲೋ ಅಂತನ ಎಲ್ಲಾರೂ ಹೇಳತಿದ್ರು. ಕೈಗುಣಾನೂ ಬೇಕು, ಚೀಲದಾಗ ಔಷಧಾನೂ ಬೇಕು, ಕೈ ಮೀರಿದಾಗ ಕಳಸಾಕ ಹೈಡನ್‌ದಂಥಾ ಒಂದು ಆಸ್ಪತ್ರೀನೂ ಬೇಕು.

ನಮ್ಮ ದೇಶದಾಗೂ 2018ರಾಗ ಮಿಡ್‌ವೈಫರಿ ಮಾರ್ಗಸೂಚಿ ಬಂದೈತಿ. ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ತರಬೇತಿ. ಬೆಳಗಾವಿ ಹುಡುಗಾ, ವೀಸಾದ ಗುಂಗಿನಾಗ ಅದನ್ನೂ ಒಂದ್ಸಲ ನೋಡು.

ವೇದಿಕೆ ನಿರ್ವಾಹಕ
ಚರ್ಚೆ ಚೆನ್ನಾಗಿದೆ, ಆದರೆ ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ. ಮಂಜ ಅವರು ಕುದುರೆ ಬಗ್ಗೆ ಹಾಕಿದ್ದ ಮೂರು ಚಿತ್ರಗಳನ್ನು ತೆಗೆದಿದ್ದೇನೆ.

ಮಲ್ನಾಡ್ ಮಂಜ
ಒಂದಾದ್ರೂ ಬಿಡಬೇಕಿತ್ತು.

ನೈಟ್‌ಡ್ಯೂಟಿ
ಇಷ್ಟು ಬರ್ತದೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡು ಮಾನ್ಯತೆನೂ ಪಟ್ಟಿಯಲ್ಲೇ ನೋಡಿದೆ, ಇವೆ. ನನ್ನ ಬಿ.ಎಸ್ಸಿ. ಅಂಕಪಟ್ಟಿಯ ಮೌಲ್ಯಮಾಪನಕ್ಕೆ ಕಾಗದ ಕಳಿಸಬೇಕು, ಅದಕ್ಕೆ ಹಳೇ ಕಾಲೇಜಿನ ಕ್ಲರ್ಕ್ ಫೋನ್ ಎತ್ತಬೇಕು. ಅದೇ ದೊಡ್ಡ ಪರೀಕ್ಷೆ ಆಗೋ ಹಾಗಿದೆ.

ಎರಡು ಕೈ ಅವರು ಹೇಳಿದ ಹಾಗೆ ಈಗಲೇ ಪ್ರಿಸೆಪ್ಟರ್ ಹುಡುಕೋಕೆ ಶುರು ಮಾಡಿದೆ. ನಾಲ್ಕು ಫೋನ್ ಆಯ್ತು. ಮೂರು ಕಡೆ "ಇಲ್ಲ". ನಾಲ್ಕನೇದು ನಮ್ಮನೆಯಿಂದ ನಲವತ್ತು ನಿಮಿಷ ದೂರದ ಬರ್ತ್ ಸೆಂಟರ್. ಫೋನ್ ಎತ್ತಿದ ಮಿಡ್‌ವೈಫ್‌ಗೆ ಅರವತ್ತು ದಾಟಿರಬೇಕು, ದನಿ ಕೇಳಿದ್ರೆ ಹಾಗನ್ನಿಸ್ತು. ಯಾವ ಯೂನಿವರ್ಸಿಟಿ, ಎಷ್ಟು ಮಾರ್ಕ್ಸು ಅಂತ ಏನೂ ಕೇಳಲಿಲ್ಲ. "ಜನವರಿ ತಿಂಗಳು, ರಾತ್ರಿ ಎರಡು ಗಂಟೆಗೆ ಕರೆದ್ರೆ ಎಷ್ಟು ಹೊತ್ತಿಗೆ ಬರ್ತೀಯಾ?" ಅಂತ ಕೇಳಿದ್ರು. ನಾನು ಒಂದು ಗಂಟೆ ಅಂದೆ. "ಹಿಮ ಬಿದ್ದಿದ್ರೆ?" ಅಂದ್ರು. ಉತ್ತರ ಹುಡುಕ್ತಿದ್ದೆ, ಪಕ್ಕದಲ್ಲಿ ಕೂತು ಕೇಳಿಸ್ಕೋತಿದ್ದ ನಮ್ಮೆಜಮಾನ್ರು "ನಾನು ಬಿಟ್ಟು ಬರ್ತೀನಿ ಅನ್ನು" ಅಂತ ಪಿಸುಗುಟ್ಟಿದ್ರು. ಅದನ್ನೇ ಹೇಳಿದೆ. ಮುಂದಿನ ಗುರುವಾರ ಬಂದು ಮಾತಾಡು ಅಂದಿದಾರೆ.

ಟೆಕ್ಸಸ್ ಗೌಡ
ಎಜಮಾನ್ರಿಗೆ ಒಂದು ಕುದುರೆ ಕೊಡಿಸಿ.